ಆಸ್ಟ್ರೇಲಿಯಾ ಪಿಆರ್‌ಗೆ (ಕಾಯಂ ವಾಸದ ವೀಸಾಕ್ಕೆ) ಪಾಯಿಂಟ್ಸ್ ಕೂಡಿಸುವುದು ಹೇಗೆ: ಮುಂಬೈ, ಪುಣೆ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಹಿಂಜೆವಾಡಿಯ ಐಟಿ ಆಫೀಸು, ಚಾಕಣದ ಕಾರ್ಖಾನೆ, ಥಾಣೆಯ ಆಸ್ಪತ್ರೆ, ಎಲ್ಲಿ ನೋಡಿದರೂ ನಮ್ಮವರು ಕೇಳುವುದು ಒಂದೇ: "ನನಗೆ ಎಷ್ಟು ಪಾಯಿಂಟ್ಸ್ ಬರುತ್ತೆ?" ವಯಸ್ಸು, ಓದು, ಅನುಭವ, ಭಾಷೆ ನೋಡಿ ಆಸ್ಟ್ರೇಲಿಯಾ ಕೊಡುವ ಅಂಕಗಳೇ ಈ ಪಾಯಿಂಟ್ಸ್. ಆನ್‌ಲೈನ್ ಕ್ಯಾಲ್ಕುಲೇಟರ್ ಎರಡು ನಿಮಿಷದಲ್ಲಿ 80 ಅಂತ ತೋರಿಸುತ್ತದೆ. ಆಮೇಲೆ ಕಾಗದ ತೆಗೆದು ನೋಡಿದಾಗ ಅದು 65ಕ್ಕೆ ಇಳಿದಿರುತ್ತದೆ. ಸಾಬೀತು ಮಾಡಲಾಗದ ಪಾಯಿಂಟು ನಿಮ್ಮದಲ್ಲ. ಇನ್ನೊಂದು ಕಡೆ, ಕೈಗೆಟುಕುವ ಪಾಯಿಂಟ್ಸನ್ನು ಕೇಳದೇ ಬಿಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಮನೆಯಲ್ಲಿ ಆಡುವ ಕನ್ನಡಕ್ಕೆ ಸಿಗುವ 5 ಪಾಯಿಂಟ್ಸ್ ಮುಖ್ಯವಾದದ್ದು. ಅದಕ್ಕೇ ಈ ಬರಹದಲ್ಲಿ ಕಾಗದಪತ್ರಕ್ಕೂ ಕನ್ನಡಕ್ಕೂ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೂರು ವೀಸಾ, ಒಂದೇ ಅಂಕಪಟ್ಟಿ

ಪಾಯಿಂಟ್ಸ್ ಮೇಲೆ ನಡೆಯುವ ವೀಸಾಗಳು ಮುಖ್ಯವಾಗಿ ಮೂರು. ಅವನ್ನು 189, 190, 491 ಅಂತ ಸಂಖ್ಯೆಯಿಂದಲೇ ಕರೆಯುತ್ತಾರೆ. 189ಕ್ಕೆ ಯಾವ ರಾಜ್ಯದ ಶಿಫಾರಸೂ ಬೇಡ, ಸಿಕ್ಕಿದರೆ ನೇರವಾಗಿ ಪಿಆರ್. 190ಕ್ಕೆ ಒಂದು ರಾಜ್ಯ ನಿಮ್ಮನ್ನು ನಾಮಿನೇಟ್ ಮಾಡಬೇಕು, ಅದಕ್ಕೆ 5 ಪಾಯಿಂಟ್ಸ್ ಸೇರುತ್ತದೆ, ಇದೂ ಪಿಆರ್. 491 ಐದು ವರ್ಷದ ತಾತ್ಕಾಲಿಕ ವೀಸಾ. ರಾಜ್ಯದ ನಾಮಿನೇಷನ್‌ಗೆ ಅಥವಾ ಅಲ್ಲಿರುವ ಹತ್ತಿರದ ಸಂಬಂಧಿಕರ ಸ್ಪಾನ್ಸರ್‌ಶಿಪ್‌ಗೆ 15 ಪಾಯಿಂಟ್ಸ್ ಇದೆ. ಮೂರು ವರ್ಷ ರೀಜನಲ್ ಪ್ರದೇಶದಲ್ಲಿ ಇದ್ದು ಷರತ್ತು ಪೂರೈಸಿದರೆ 191 ವೀಸಾದ ಮೂಲಕ ಪಿಆರ್ ಆಗುತ್ತದೆ.

ರೀಜನಲ್ ಅಂದ ತಕ್ಷಣ ಹಳ್ಳಿ ಅಂತ ಹೆದರಬೇಡಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳನ್ನು ಬಿಟ್ಟು ಉಳಿದದ್ದೆಲ್ಲ ಈ ಲೆಕ್ಕದಲ್ಲಿ ರೀಜನಲ್ಲೇ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ ಕೂಡ ಅದರಲ್ಲೇ ಬರುತ್ತವೆ. ಪಾಯಿಂಟ್ಸ್ ಕಡಿಮೆ ಇರುವವರು 491 ಬೇಡ ಅಂತ ಮೊದಲೇ ತಳ್ಳಿಹಾಕುವುದು ಸರಿಯಲ್ಲ.

ಹಂತ 1: ಕೆಲಸದ ಕೋಡ್ ಹುಡುಕಿ

ಪ್ರತಿ ಉದ್ಯೋಗಕ್ಕೂ ಆನ್‌ಜ್ಸ್ಕೋ (ANZSCO) ಎಂಬ ಉದ್ಯೋಗ ಪಟ್ಟಿಯಲ್ಲಿ ಆರು ಅಂಕಿಯ ಕೋಡ್ ಇದೆ. ಸಾಫ್ಟ್‌ವೇರ್ ಎಂಜಿನಿಯರ್ 261313, ಸಿವಿಲ್ ಎಂಜಿನಿಯರ್ 233211, ಷೆಫ್ 351311. ವಿಸಿಟಿಂಗ್ ಕಾರ್ಡಿನಲ್ಲಿ ಏನು ಬರೆದಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ದಿನಾ ಮಾಡುವ ಕೆಲಸ ಕೋಡಿನ ವಿವರಣೆಗೆ ಹೊಂದಬೇಕು.

ಉಡುಪಿ ಹೋಟೆಲಿನ ಉದಾಹರಣೆ ತೆಗೆದುಕೊಳ್ಳಿ. ಮಾಟುಂಗದ ಒಂದು ಹೋಟೆಲಿನಲ್ಲಿ ಒಬ್ಬರು ಬೆಳಗ್ಗೆ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಾರೆ. ಇನ್ನೊಬ್ಬರು ಮೆನು, ಸಾಮಾನಿನ ಖರ್ಚು, ಅಡುಗೆಮನೆಯ ಹುಡುಗರ ತರಬೇತಿ ನೋಡಿಕೊಳ್ಳುತ್ತಾರೆ. ಮತ್ತೊಬ್ಬರು ಗಲ್ಲಾದಲ್ಲಿ ಕೂತು ಸಿಬ್ಬಂದಿ, ಲೈಸೆನ್ಸು, ಲೆಕ್ಕ ಎಲ್ಲ ನಡೆಸುತ್ತಾರೆ. ಮೊದಲನೆಯವರ ಕೆಲಸ ಕುಕ್, ಎರಡನೆಯವರದು ಷೆಫ್, ಮೂರನೆಯವರದು ರೆಸ್ಟೋರೆಂಟ್ ಮ್ಯಾನೇಜರ್. ಮೂರಕ್ಕೂ ಕೋಡ್ ಬೇರೆ ಬೇರೆ. ಯಾವ ವೀಸಾ ಸಿಗಬಹುದು ಅನ್ನೋದೂ ಅದರ ಮೇಲೆ ನಿಂತಿದೆ. 189ರ ಉದ್ಯೋಗ ಪಟ್ಟಿ ಚಿಕ್ಕದು, 190 ಮತ್ತು 491ರದ್ದು ದೊಡ್ಡದು. ನಿಮ್ಮ ಕೋಡ್ ಯಾವ ಪಟ್ಟಿಯಲ್ಲಿದೆ ಅಂತ ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲೇ ನೋಡಿ. ಯಾರೋ ಫಾರ್ವರ್ಡ್ ಮಾಡಿದ ಪಿಡಿಎಫ್ ನಂಬಬೇಡಿ.

ಹಂತ 2: ಪಾಯಿಂಟ್ಸ್ ಲೆಕ್ಕ

ಅರ್ಜಿ ಹಾಕಲು ಕನಿಷ್ಠ 65 ಬೇಕು. ಲೆಕ್ಕ ಹೀಗಿದೆ.

ವಯಸ್ಸು: 18ರಿಂದ 24ಕ್ಕೆ 25 ಪಾಯಿಂಟ್ಸ್, 25ರಿಂದ 32ಕ್ಕೆ 30, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. 45 ತುಂಬಿದರೆ ಈ ದಾರಿ ಮುಚ್ಚುತ್ತದೆ. ವೀಸಾ ಅರ್ಜಿ ಹಾಕಿ ಅಂತ ಆಸ್ಟ್ರೇಲಿಯಾದಿಂದ ಆಹ್ವಾನ ಬರುವ ದಿನ ಇರುವ ವಯಸ್ಸೇ ಲೆಕ್ಕ. ಹಾಗಾಗಿ 33ನೇ ಅಥವಾ 40ನೇ ಹುಟ್ಟುಹಬ್ಬ ಹತ್ತಿರ ಇದ್ದರೆ ಉಳಿದ ಕೆಲಸದ ವೇಳಾಪಟ್ಟಿಯನ್ನು ಆ ತಾರೀಖಿನಿಂದ ಹಿಂದಕ್ಕೆ ಎಣಿಸಿ.

ಇಂಗ್ಲಿಷ್: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 6 ಬಂದರೆ ಅರ್ಹತೆ ಮಾತ್ರ, ಪಾಯಿಂಟ್ಸ್ ಸೊನ್ನೆ. ನಾಲ್ಕರಲ್ಲೂ 7 ಬಂದರೆ 10. ನಾಲ್ಕರಲ್ಲೂ 8 ಬಂದರೆ 20.

ಆಸ್ಟ್ರೇಲಿಯಾದ ಹೊರಗಿನ ಅನುಭವ: ಕಳೆದ ಹತ್ತು ವರ್ಷದೊಳಗೆ 3 ವರ್ಷಕ್ಕೆ 5, 5 ವರ್ಷಕ್ಕೆ 10, 8 ವರ್ಷಕ್ಕೆ 15.

ಓದು: ಪದವಿ ಅಥವಾ ಸ್ನಾತಕೋತ್ತರ ಪದವಿಗೆ 15, ಪಿಎಚ್‌ಡಿಗೆ 20. ಮೂರು ವರ್ಷದ ಬಿಎಸ್ಸಿ, ಬಿಕಾಂ ಮಾಡಿದವರು ಒಂದು ವಿಷಯ ಗಮನಿಸಿ. ನಿಮ್ಮ ಪದವಿ ಅಲ್ಲಿನ ಯಾವ ಮಟ್ಟಕ್ಕೆ ಸಮ ಅಂತ ಅಸೆಸ್‌ಮೆಂಟ್ ಪತ್ರ (ಹಂತ 3 ನೋಡಿ) ಬರುವ ತನಕ 15 ಬಂತು ಅಂತ ಬರೆದುಕೊಳ್ಳಬೇಡಿ.

ಗಂಡ ಅಥವಾ ಹೆಂಡತಿ: ಅವರಿಗೂ ಸ್ಕಿಲ್ಸ್ ಅಸೆಸ್‌ಮೆಂಟ್ ಆಗಿದ್ದು, ವಯಸ್ಸು 45ರೊಳಗಿದ್ದು, ಇಂಗ್ಲಿಷ್ ಅರ್ಹತೆ ಇದ್ದರೆ 10. ಇಂಗ್ಲಿಷ್ ಅರ್ಹತೆ ಮಾತ್ರ ಇದ್ದರೆ 5. ಮದುವೆ ಆಗದವರಿಗೆ 10.

ಕನ್ನಡದಂಥ ಸಮುದಾಯ ಭಾಷೆಯ ಪರೀಕ್ಷೆ ಪಾಸಾದರೆ 5. ಆಸ್ಟ್ರೇಲಿಯಾದಲ್ಲೇ ಓದಿದವರಿಗೆ, ಅಲ್ಲೇ ಕೆಲಸ ಮಾಡಿದವರಿಗೆ ಬೇರೆ ಪಾಯಿಂಟ್ಸ್ ಇವೆ. ಇಲ್ಲಿಂದ ಹೊಸದಾಗಿ ಹೊರಡುವವರಿಗೆ ಅವು ಅನ್ವಯಿಸುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. 31 ವರ್ಷದ, ಮದುವೆಯಾಗದ ಸಾಫ್ಟ್‌ವೇರ್ ಎಂಜಿನಿಯರ್ ಅಂದುಕೊಳ್ಳಿ. ಬಿಇ ಮುಗಿಸಿ ಏಳು ವರ್ಷ ಕೆಲಸ ಮಾಡಿದ್ದಾರೆ. ವಯಸ್ಸಿಗೆ 30, ಓದಿಗೆ 15, ಒಂಟಿ ಅರ್ಜಿಗೆ 10, ಇಂಗ್ಲಿಷ್ ನಾಲ್ಕರಲ್ಲೂ 7 ಬಂದು 10. ಅನುಭವದಲ್ಲಿ ಎರಡು ವರ್ಷ ಕಳೆದು (ಯಾಕೆ ಅನ್ನೋದು ಹಂತ 3ರಲ್ಲಿದೆ) ಐದು ವರ್ಷ ಉಳಿಯುತ್ತದೆ, ಅದಕ್ಕೆ 10. ಒಟ್ಟು 75. ಐಟಿಯವರಿಗೆ, ಅಕೌಂಟೆಂಟರಿಗೆ ಇದು ಸಾಲದು. ಆ ಕೆಲಸಗಳಿಗೆ ಸ್ಪರ್ಧೆ ಎಷ್ಟಿದೆ ಅಂದರೆ 189ರ ಆಹ್ವಾನ 90 ದಾಟುವುದೂ ಉಂಟು. ಇದೇ ವ್ಯಕ್ತಿ ಇಂಗ್ಲಿಷನ್ನು 8ಕ್ಕೆ ಏರಿಸಿ, ಕನ್ನಡ ಪರೀಕ್ಷೆ ಪಾಸಾದರೆ 90. ರಾಜ್ಯದ ನಾಮಿನೇಷನ್ ಸಿಕ್ಕರೆ 95. ಹೊಸ ಡಿಗ್ರಿಯೂ ಬೇಡ, ಕೆಲಸ ಬದಲಿಸುವುದೂ ಬೇಡ. ನರ್ಸ್, ಶಿಕ್ಷಕರು, ಕಟ್ಟಡ ಕೆಲಸದ ಕುಶಲಿಗಳಿಗೆ ಇದಕ್ಕಿಂತ ಕಡಿಮೆ ಪಾಯಿಂಟ್ಸಿಗೂ ಕರೆ ಬರುತ್ತದೆ.

ಹಂತ 3: ಸ್ಕಿಲ್ಸ್ ಅಸೆಸ್‌ಮೆಂಟ್

ನಿಮ್ಮ ಓದು ಮತ್ತು ಅನುಭವವನ್ನು ಆಯಾ ಉದ್ಯೋಗದ ಸಂಸ್ಥೆ ಪರಿಶೀಲಿಸಿ ಪತ್ರ ಕೊಡಬೇಕು. ಐಟಿಗೆ ಎಸಿಎಸ್, ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸ್‌ಗಳಿಗೆ ಆನ್‌ಮ್ಯಾಕ್, ಷೆಫ್ ಮತ್ತು ಹಲವು ಕೈಕೆಲಸಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಇನ್ನೂ ಅನೇಕ ಉದ್ಯೋಗಗಳಿಗೆ ವೆಟಾಸೆಸ್.

ಎಸಿಎಸ್ ಅನುಭವದಲ್ಲಿ ಒಂದಷ್ಟು ವರ್ಷ ಕಳೆಯುತ್ತದೆ. ಕಂಪ್ಯೂಟರ್ ವಿಷಯದಲ್ಲೇ ಪದವಿ ಇದ್ದು, ಕೆಲಸ ಅದಕ್ಕೆ ಹತ್ತಿರವಾಗಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಹೋಗುತ್ತದೆ. ಓದು ದೂರವಾದಷ್ಟೂ ಕಡಿತ ಜಾಸ್ತಿ. ಪತ್ರದಲ್ಲಿ "ಇಂಥ ತಿಂಗಳ ನಂತರದ ಅನುಭವ" ಅಂತ ಬರೆದಿರುತ್ತದೆ. ಆ ತಿಂಗಳಿಂದ ಮುಂದಿನದ್ದಕ್ಕೆ ಮಾತ್ರ ಪಾಯಿಂಟ್ಸ್ ಕೇಳಿ. ಎಷ್ಟೋ ಅರ್ಜಿ ಹಾಳಾಗುವುದು ಇಲ್ಲೇ. ಎಸಿಎಸ್ ಪತ್ರ ಎರಡು ವರ್ಷ ನಡೆಯುತ್ತದೆ ಅನ್ನೋದೂ ನೆನಪಿರಲಿ.

ಎಂಜಿನಿಯರ್ಸ್ ಆಸ್ಟ್ರೇಲಿಯಾದ ಸಿಡಿಆರ್ (ಸಾಮರ್ಥ್ಯ ತೋರಿಸುವ ವರದಿ) ದಾರಿಯಲ್ಲಿ ಮೂರು ಕರಿಯರ್ ಎಪಿಸೋಡ್, ಅಂದರೆ ನೀವು ಮಾಡಿದ ಕೆಲಸದ ಕಥನ, ಬರೆಯಬೇಕು. "ನಮ್ಮ ತಂಡ ಸೇತುವೆ ಕಟ್ಟಿತು" ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ಲೋಡ್ ಲೆಕ್ಕ ನೀವು ಹಾಕಿದಿರಿ, ಯಾವ ಡ್ರಾಯಿಂಗ್ ನೀವು ತಿದ್ದಿದಿರಿ, ಸೈಟಿನಲ್ಲಿ ಯಾವ ತೊಂದರೆ ಬಂದಾಗ ನೀವು ಏನು ತೀರ್ಮಾನ ಮಾಡಿದಿರಿ, ಅದು ಬೇಕು. ದುಡ್ಡು ಕೊಟ್ಟು ಬರೆಸಿದ ರೆಡಿಮೇಡ್ ಬರಹ ತಗೊಳ್ಳಲೇಬೇಡಿ. ನಕಲು ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ, ಮತ್ತೆ ಹಾಕುವುದಕ್ಕೂ ನಿರ್ಬಂಧ ಬೀಳುತ್ತದೆ.

ನರ್ಸ್‌ಗಳು ಅಸೆಸ್‌ಮೆಂಟಿನ ಜೊತೆಗೆ ಅಲ್ಲಿನ ನೋಂದಣಿಯ ದಾರಿಯನ್ನೂ ನೋಡಬೇಕು. ಇಲ್ಲಿ ಓದಿದವರಿಗೆ ಸಾಮಾನ್ಯವಾಗಿ ಎನ್‌ಕ್ಲೆಕ್ಸ್ ಪರೀಕ್ಷೆ, ಆಮೇಲೆ ಆಸ್ಟ್ರೇಲಿಯಾದಲ್ಲಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಸಮಯ, ದುಡ್ಡು ಎರಡೂ ಹಿಡಿಯುವ ಕೆಲಸ, ಬೇಗ ಶುರು ಮಾಡಿ.

ಅನುಭವ ಪತ್ರ

ಕಂಪನಿ ಕೊಡುವ ಮಾಮೂಲಿ ರಿಲೀವಿಂಗ್ ಲೆಟರ್ ಸಾಕಾಗುವುದಿಲ್ಲ. ಲೆಟರ್‌ಹೆಡ್ ಮೇಲೆ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ನೀವು ಮಾಡಿದ ಕೆಲಸಗಳ ವಿವರ, ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್ ನಂಬರ್ ಎಲ್ಲ ಇರಬೇಕು. ಕೆಲಸದ ವಿವರವನ್ನು ಕೋಡಿನ ಜಾಲಪುಟದಿಂದ ಹಾಗ್ಹಾಗೇ ನಕಲು ಮಾಡಬೇಡಿ. ಓದುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

"ನಮ್ಮ ಎಚ್‌ಆರ್ ಇಂಥ ಪತ್ರ ಕೊಡಲ್ಲ" ಅನ್ನುವವರು ತುಂಬಾ ಜನ. ಆಗ ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲ ಮೇಲಧಿಕಾರಿ ಅಥವಾ ಸಹೋದ್ಯೋಗಿಯಿಂದ ಅದೇ ವಿವರದ ಅಫಿಡವಿಟ್ ಮಾಡಿಸಿ, ನೋಟರಿ ಮಾಡಿಸಿ. ಸ್ಟಾಂಪ್ ಪೇಪರ್ ಒಂದಿದ್ದರೆ ಮುಗಿಯಲ್ಲ. ಸಂಬಳ ಪಡೆದದ್ದಕ್ಕೆ ಫಾರ್ಮ್ 16, 26ಎಎಸ್, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಯಾಲರಿ ಸ್ಲಿಪ್ ಜೋಡಿಸಿ. ಹೋಟೆಲು, ಚಿಕ್ಕ ವರ್ಕ್‌ಶಾಪುಗಳಲ್ಲಿ ಕೈಗೆ ನಗದು ಸಂಬಳ ಪಡೆದವರಿಗೆ ಇದು ನಿಜವಾಗಿ ಕಷ್ಟ. ಅಂಥವರು ಇವತ್ತಿನಿಂದಲೇ ಸಂಬಳ ಬ್ಯಾಂಕಿಗೆ ಬರುವ ಹಾಗೆ, ಪಿಎಫ್ ಕಟ್ಟುವ ಹಾಗೆ ಮಾಲೀಕರ ಹತ್ತಿರ ಮಾತಾಡಿ. ಹಳೆಯದಕ್ಕೆ ಸುಳ್ಳು ಸ್ಲಿಪ್ ಮಾಡಿಸುವ ಯೋಚನೆ ಬೇಡವೇ ಬೇಡ. ಸುಳ್ಳು ದಾಖಲೆ ಸಿಕ್ಕಿದರೆ ಮೂರು ವರ್ಷ ವೀಸಾ ಸಿಗದಂತೆ ತಡೆ ಬೀಳುತ್ತದೆ, ಅದು ಜೊತೆಗೆ ಅರ್ಜಿ ಹಾಕಿದ ಕುಟುಂಬದವರಿಗೂ ತಟ್ಟುತ್ತದೆ.

ಹೆಸರಿನ ತೊಡಕು

ಮುಂಬೈ ಕನ್ನಡಿಗರಲ್ಲಿ ಇದು ಮನೆಮನೆಯ ಕಥೆ. ಇಲ್ಲಿನ ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಕೊನೆಗೆ ಅಪ್ಪನ ಹೆಸರು. ಮುಂಬೈ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಅಮ್ಮನ ಹೆಸರೂ ಸೇರಿಕೊಳ್ಳುತ್ತದೆ. ಊರಿನಲ್ಲಿ ಓದಿ ಬಂದವರ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗಿದ್ದರೆ ಮತ್ತೊಂದು.

ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದರಲ್ಲಿ ಹೆಸರು ಹೇಗಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬರೀ ಕ್ರಮ ಬೇರೆ ಇದ್ದರೆ, ಇನಿಷಿಯಲ್ ಬಿಡಿಸಿದ್ದಷ್ಟೇ ವ್ಯತ್ಯಾಸ ಇದ್ದರೆ, ಈ ಎಲ್ಲ ಹೆಸರೂ ಒಬ್ಬರದ್ದೇ ಅನ್ನುವ ಅಫಿಡವಿಟ್ ಸಾಮಾನ್ಯವಾಗಿ ಸಾಕು. ಹೆಸರೇ ಬದಲಾಗಿದ್ದರೆ ಮದುವೆ ನೋಂದಣಿ ಪತ್ರ ಅಥವಾ ಮಹಾರಾಷ್ಟ್ರ ರಾಜಪತ್ರದ ಪ್ರಕಟಣೆ ಬೇಕು. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಇಂಗ್ಲಿಷ್ ಪರೀಕ್ಷೆಗೆ ಬುಕ್ ಮಾಡುವ ಮೊದಲೇ ತಿದ್ದಿಸಿ. ಆಮೇಲಿನ ಎಲ್ಲ ಕಾಗದಕ್ಕೂ ಪಾಸ್‌ಪೋರ್ಟಿನ ಹೆಸರೇ ಆಧಾರ.

ಹಂತ 4: ಇಂಗ್ಲಿಷ್ ಪರೀಕ್ಷೆ

10ರಿಂದ 20ಕ್ಕೆ ಏರುವುದು ಇಡೀ ಪಟ್ಟಿಯ ದೊಡ್ಡ ಜಿಗಿತಗಳಲ್ಲೊಂದು, ಅದಕ್ಕೇ ಇದಕ್ಕೆ ಸಮಯ ಕೊಡಿ. ಐಇಎಲ್‌ಟಿಎಸ್‌ನಲ್ಲಿ ಹೆಚ್ಚಿನವರು ಎಡವುವುದು ಬರವಣಿಗೆಯಲ್ಲಿ. ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಹಿಡಿದವರು ಒಂದು ಬದಲಾವಣೆ ಗಮನಿಸಿ. ಮೊದಲು ನಾಲ್ಕೂ ಭಾಗಕ್ಕೆ 79 ಬಂದರೆ 20 ಪಾಯಿಂಟ್ಸ್ ಸಿಗುತ್ತಿತ್ತು. 2025ರ ಆಗಸ್ಟ್ 7ರಿಂದ ಬರೆಯುವ ಪರೀಕ್ಷೆಗಳಿಗೆ ಪ್ರತಿ ಭಾಗಕ್ಕೂ ಬೇರೆ ಬೇರೆ ಗುರಿ ಬಂದಿದೆ. ಮಾತು ಮತ್ತು ಬರವಣಿಗೆಗೆ 79ಕ್ಕಿಂತ ಜಾಸ್ತಿ ಬೇಕು, ಓದು ಮತ್ತು ಕೇಳುವಿಕೆಗೆ ಕಡಿಮೆ. ಹಳೆಯ ವಿಡಿಯೋಗಳು ಇನ್ನೂ 79 ಅಂತಲೇ ಹೇಳುತ್ತಿವೆ. ಆಹ್ವಾನ ಬರುವ ದಿನಕ್ಕೆ ಪರೀಕ್ಷೆ ಮೂರು ವರ್ಷದೊಳಗಿನದಾಗಿರಬೇಕು.

ಹಂತ 5: ಕನ್ನಡದ 5 ಪಾಯಿಂಟ್ಸ್

ಅನುವಾದಕರಿಗೆ ಮಾನ್ಯತೆ ಕೊಡುವ ಆಸ್ಟ್ರೇಲಿಯಾದ ನಾಟಿ (NAATI) ಸಂಸ್ಥೆ ಸಿಸಿಎಲ್ ಎಂಬ ಸಮುದಾಯ ಭಾಷೆಯ ಪರೀಕ್ಷೆ ನಡೆಸುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೊಡಬಹುದು. ಶುಲ್ಕ 800 ಆಸ್ಟ್ರೇಲಿಯನ್ ಡಾಲರ್ ಆಸುಪಾಸು, ಫಲಿತಾಂಶ ಮೂರು ವರ್ಷ ನಡೆಯುತ್ತದೆ. ನಿಮ್ಮ ಮಾತೃಭಾಷೆ ಯಾವುದು, ಯಾವ ಮೀಡಿಯಂನಲ್ಲಿ ಓದಿದಿರಿ ಅಂತ ಯಾರೂ ಕೇಳುವುದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡಿ, ಅಂಗಡಿಯಲ್ಲಿ ಮರಾಠಿ ಆಡುವವರೂ ಕನ್ನಡ ಚೆನ್ನಾಗಿದ್ದರೆ ಕೊಡಬಹುದು.

ಪರೀಕ್ಷೆಯಲ್ಲಿ ಎರಡು ಸಂಭಾಷಣೆ ಇರುತ್ತವೆ. ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಕನ್ನಡದಲ್ಲಿ ಮಾತಾಡುತ್ತಾರೆ. ಪ್ರತಿ ತುಣುಕು ಹೆಚ್ಚೆಂದರೆ 35 ಪದ. ತುಣುಕು ಮುಗಿದ ಕೂಡಲೇ ನೀವು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಒಂದೊಂದಕ್ಕೆ 45ರಂತೆ ಒಟ್ಟು 90 ಅಂಕ. ಪಾಸಾಗಲು ಒಟ್ಟು 63 ಬೇಕು, ಒಂದೊಂದರಲ್ಲೂ 29ಕ್ಕಿಂತ ಕಡಿಮೆ ಆಗಬಾರದು. ಆಸ್ಪತ್ರೆ, ಬ್ಯಾಂಕು, ಶಾಲೆ, ಬಾಡಿಗೆ ಮನೆ, ಕೋರ್ಟು, ವಿಮೆ, ಕೆಲಸ, ಇವೇ ವಿಷಯಗಳು. ನೋಟ್ಸ್ ಬರೆದುಕೊಳ್ಳಬಹುದು.

ಕನ್ನಡ ಬರುತ್ತಲ್ಲ ಅಂತ ಸುಮ್ನೆ ಹೋಗಿ ಕೂತರೆ ಆಗುವುದಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಇಷ್ಟು ಹೇಳಿದರು ಅಂದುಕೊಳ್ಳಿ: ರಕ್ತಪರೀಕ್ಷೆಯ ಫಲಿತಾಂಶ ಬಂದಿದೆ, ಸಕ್ಕರೆ ಪ್ರಮಾಣ ಸ್ವಲ್ಪ ಜಾಸ್ತಿ ಇದೆ, ಈ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಿ, ಆರು ವಾರ ಬಿಟ್ಟು ಬನ್ನಿ. ಮನೆಮಾತಿನ ಅಭ್ಯಾಸದಲ್ಲಿ ನಾವು ಹೇಳುವುದು: "ರಿಪೋರ್ಟ್ ಬಂದಿದೆ, ಶುಗರ್ ಇದೆ, ಟ್ಯಾಬ್ಲೆಟ್ ಎರಡು ಸಲ ತಗೊಳ್ಳಿ, ಮತ್ತೆ ಬನ್ನಿ." ಕೇಳಲು ಸರಿಯಾಗೇ ಇದೆ, ಅಲ್ವಾ? ಆದರೆ "ಸ್ವಲ್ಪ" ಹೋಯಿತು, "ಅರ್ಧ ಗಂಟೆ ಮೊದಲು" ಹೋಯಿತು, "ಆರು ವಾರ" ಹೋಯಿತು. ಒಂದೊಂದು ಬಿಟ್ಟದ್ದಕ್ಕೂ ಅಂಕ ಕಡಿತ. ಇಂಗ್ಲಿಷ್ ಪದಗಳನ್ನು ಹಾಗೇ ಉಳಿಸುತ್ತ ಹೋದರೆ ಅದಕ್ಕೂ ಕಡಿತ.

ಅಭ್ಯಾಸಕ್ಕೆ ನನ್ನ ಸಲಹೆ ಇಷ್ಟು. ಅಂಕಿ, ದಿನ, ಹೆಸರುಗಳನ್ನು ಚಿಹ್ನೆಯಲ್ಲಿ ಬರೆದುಕೊಳ್ಳುವ ರೂಢಿ ಮಾಡಿ. ಜಾಮೀನು, ಪರಿಹಾರ, ಕಂತು, ಬಡ್ಡಿದರ, ಹೆರಿಗೆ ರಜೆ, ಠೇವಣಿ ಇಂಥ ಪದಗಳನ್ನು ವಿಷಯವಾರು ಗುಂಪು ಮಾಡಿ. ಮುಂಬೈಯಲ್ಲೇ ಅಚ್ಚಾಗುವ ಕನ್ನಡ ದಿನಪತ್ರಿಕೆಯನ್ನು ದಿನಾ ಕಾಲು ಗಂಟೆ ಗಟ್ಟಿಯಾಗಿ ಓದಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ನಾಲಿಗೆ ಹೊರಳಲು ಇದೇ ಒಳ್ಳೆಯ ದಾರಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದರೆ ಸರಾಗ ಕನ್ನಡ ಆಡುವ ಹಿರಿಯರು ಸಿಗುತ್ತಾರೆ. ಅವರನ್ನು ಕೂರಿಸಿಕೊಂಡು ಒಬ್ಬರು ಬ್ಯಾಂಕ್ ಆಫೀಸರ್, ಒಬ್ಬರು ಗ್ರಾಹಕ ಅಂತ ಮಾತಾಡಿಸಿ. ಕೋಚಿಂಗ್‌ಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಂದ ಹಾಗೆ, ಕೆನಡಾದ ಪದ್ಧತಿಯಲ್ಲಿ ಕನ್ನಡಕ್ಕೆ ಇಂಥ ಬೆಲೆ ಇಲ್ಲ. ಅಲ್ಲಿ ಎರಡನೇ ಭಾಷೆ ಅಂದರೆ ಫ್ರೆಂಚ್. ಕೆಲಸದ ಆಫರ್‌ಗೆ ಅಲ್ಲಿ ಸಿಗುತ್ತಿದ್ದ ಪಾಯಿಂಟ್ಸನ್ನೂ 2025ರ ಮಾರ್ಚ್ 25ರಿಂದ ತೆಗೆದಿದ್ದಾರೆ. ಆಫರ್ ಲೆಟರ್ ಕೊಡಿಸಿ ಪಾಯಿಂಟ್ಸ್ ಏರಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 6: ಇಒಐ ಹಾಕಿ

ಅಸೆಸ್‌ಮೆಂಟ್ ಮತ್ತು ಇಂಗ್ಲಿಷ್ ಫಲಿತಾಂಶ ಕೈಗೆ ಬಂದ ಮೇಲೆ ಆಸ್ಟ್ರೇಲಿಯಾ ಸರ್ಕಾರದ ಸ್ಕಿಲ್‌ಸೆಲೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಸಕ್ತಿ ಪತ್ರ, ಅಂದರೆ ಇಒಐ ಹಾಕಬೇಕು. ಇದಕ್ಕೆ ಶುಲ್ಕ ಇಲ್ಲ. ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಪಾಯಿಂಟ್ಸ್ ಸಮ ಇದ್ದವರಲ್ಲಿ ಯಾರು ಮೊದಲು ಆ ಅಂಕ ಮುಟ್ಟಿದರೋ ಅವರು ಮುಂದೆ.

ಈಗಿನ ಕೆಲಸದ ಕೊನೆಯ ತಾರೀಖನ್ನು ಖಾಲಿ ಬಿಟ್ಟರೆ ಅನುಭವದ ಪಾಯಿಂಟ್ಸ್ ತಾನಾಗೇ ಏರುತ್ತದೆ. ಅಷ್ಟರಲ್ಲಿ ನೀವು ಕಂಪನಿ ಅಥವಾ ಹುದ್ದೆ ಬದಲಿಸಿದ್ದರೆ ಅದನ್ನು ತಿದ್ದಲೇಬೇಕು. ಆಹ್ವಾನ ಬಂದ ಮೇಲೆ ಪಾಯಿಂಟ್ಸ್ ಕಡಿಮೆ ಇದೆ ಅಂತ ಗೊತ್ತಾದರೆ ವೀಸಾ ತಿರಸ್ಕಾರ ಆಗುತ್ತದೆ, ಕಟ್ಟಿದ ಶುಲ್ಕವೂ ವಾಪಸ್ ಬರುವುದಿಲ್ಲ. ಮುಖ್ಯ ಅರ್ಜಿದಾರರ ಶುಲ್ಕವೇ 4,900 ಆಸ್ಟ್ರೇಲಿಯನ್ ಡಾಲರ್ ದಾಟಿದೆ. ಹೆಂಡತಿ, ಮಕ್ಕಳದ್ದು ಬೇರೆ.

190 ಮತ್ತು 491ಕ್ಕೆ ಪ್ರತಿ ರಾಜ್ಯದ ನಿಯಮ ಬೇರೆ. ಕೆಲವು ರಾಜ್ಯಗಳು ಅಲ್ಲೇ ಇರುವವರನ್ನು ಮೊದಲು ನೋಡುತ್ತವೆ, ಕೆಲವು ಹೊರಗಿನವರಿಗೂ ಬಾಗಿಲು ತೆರೆಯುತ್ತವೆ. ಅವರ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಕೋಟಾ, ಪಟ್ಟಿ, ಷರತ್ತುಗಳು ಆಮೇಲಿನ ತಿಂಗಳುಗಳಲ್ಲಿ ಹೊರಬೀಳುತ್ತವೆ. ಜೂನ್‌ಗೆ ಮೊದಲೇ ಕಾಗದ ಸಿದ್ಧ ಇದ್ದರೆ ಒಳ್ಳೆಯದು.

ಏಜೆಂಟ್ ಬೇಕಾ? ಕಾಗದ ನೇರವಾಗಿದ್ದರೆ ಬೇಡ. ಗಲ್ಫ್, ಮುಂಬೈ, ಊರು ಅಂತ ಕೆಲಸ ಹರಿದು ಹಂಚಿಹೋಗಿದ್ದರೆ, ಹಿಂದೆ ಯಾವುದೋ ವೀಸಾ ತಿರಸ್ಕಾರ ಆಗಿದ್ದರೆ, ಅನುಭವಿಗಳ ಸಹಾಯ ಪಡೆಯಿರಿ. ಅವರ ಏಳು ಅಂಕಿಯ ಮಾರ್ನ್ ನೋಂದಣಿ ಸಂಖ್ಯೆ ಕೇಳಿ, ವಲಸೆ ಏಜೆಂಟರನ್ನು ನೋಂದಾಯಿಸುವ ಆಸ್ಟ್ರೇಲಿಯಾದ ಒಮಾರಾ ಜಾಲತಾಣದಲ್ಲಿ ಹುಡುಕಿ ನೋಡಿ. ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ. ಇಒಐನ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.

ಹಂತ 7: ಆಹ್ವಾನ ಬಂದ ಮೇಲೆ

60 ದಿನದೊಳಗೆ ವೀಸಾ ಅರ್ಜಿ ಹಾಕಬೇಕು, ಗಡುವು ಮುಂದೆ ಹೋಗುವುದಿಲ್ಲ. ಹಾಗಾಗಿ ಬಣ್ಣದ ಸ್ಕ್ಯಾನುಗಳು, ಮರಾಠಿಯಲ್ಲೋ ಕನ್ನಡದಲ್ಲೋ ಇರುವ ಜನನ ಪತ್ರ, ಮದುವೆ ಪತ್ರಗಳ ಇಂಗ್ಲಿಷ್ ಅನುವಾದ ಮೊದಲೇ ಮಾಡಿಟ್ಟುಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ. ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದಿಂದಲೂ ಈ ಪತ್ರ ಬೇಕು. ದುಬೈ, ಮಸ್ಕತ್, ಕುವೈತ್‌ನಲ್ಲಿ ದುಡಿದು ಬಂದವರು ಆ ದೇಶದ ಪತ್ರಕ್ಕೆ ಬೇಗ ಕೈಹಾಕಿ, ಅಲ್ಲಿ ತಡ ಆಗುವುದು ಜಾಸ್ತಿ. ವೈದ್ಯಕೀಯ ತಪಾಸಣೆಯನ್ನು ಗೃಹ ಇಲಾಖೆ ಒಪ್ಪಿದ ಪ್ಯಾನೆಲ್ ಡಾಕ್ಟರರಲ್ಲೇ ಮಾಡಿಸಬೇಕು. ಕುಟುಂಬದ ವೈದ್ಯರ ಪತ್ರ ನಡೆಯುವುದಿಲ್ಲ. ಕುಟುಂಬದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದ್ದರೆ ಮುಚ್ಚಿಡಬೇಡಿ, ಚಿಕಿತ್ಸೆಯ ದಾಖಲೆ ಜೊತೆಗೇ ಕೊಡಿ.

ವೀಸಾ ಬರುವ ತನಕ ಈಗಿನ ಕೆಲಸ ಬಿಡಬೇಡಿ, ಮನೆ ಮಾರಬೇಡಿ. ಮಗು ಹುಟ್ಟಿದರೆ, ಮದುವೆಯಾದರೆ, ಪಾಸ್‌ಪೋರ್ಟ್ ಬದಲಾದರೆ ತಕ್ಷಣ ತಿಳಿಸಿ. ವೀಸಾ ಪತ್ರ ಬಂದ ಮೇಲೆ ಮೊದಲ ಸಲ ಯಾವ ತಾರೀಖಿನೊಳಗೆ ಆಸ್ಟ್ರೇಲಿಯಾ ಪ್ರವೇಶಿಸಬೇಕು ಅಂತ ಅದರಲ್ಲಿ ನೋಡಿಕೊಂಡು, ಆಮೇಲೆ ಟಿಕೆಟ್ ತಗೊಳ್ಳಿ.